ಬಿಳಿ ಪುಡಿ, ನೀಲಿ ತುಟಿ

ಸಂಜೆಯ ಸೈರನ್ ಕೂಗಿದ ಮೇಲೆ ಮಂಗುಬೆನ್ ಪಾಟಣವಾಡಿಯಾಗೆ ತುಟಿ ತೋರಿಸದೆ ಆ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಿಂದ ಒಂದು ನರಪಿಳ್ಳೆಯೂ ಮನೆಗೆ ಹೋಗುವಂತಿರಲಿಲ್ಲ. ಸ್ನಾನದ ಕೋಣೆಯ ಹೊರಗೆ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು, ತೊಡೆಯ ಮೇಲೆ ಒದ್ದೆ ಟವೆಲ್ ಇಟ್ಟುಕೊಂಡು ಅವಳು ಕೂತಿರುತ್ತಿದ್ದಳು. ಮೈತೊಳೆದು ಬಂದವರು ಒಬ್ಬೊಬ್ಬರಾಗಿ ಎದುರು ನಿಂತು ಕೆಳತುಟಿ ಮಡಚಿ ತೋರಿಸಬೇಕು, ಆಮೇಲೆ ಹತ್ತೂ ಉಗುರು. ಹೆಣ್ಣು ನೋಡಲು ಬಂದ ಬೀಗರೂ ಇಷ್ಟು ಕೂಲಂಕಷವಾಗಿ ನೋಡುವುದಿಲ್ಲ ಎಂದು ಹೆಂಗಸರು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಮಂಗುಬೆನ್ ಕೇಳಿಸಿಕೊಂಡೂ ಕೇಳಿಸದವಳಂತೆ "ಮುಂದಿನವಳು ಬಾ" ಎನ್ನುತ್ತಿದ್ದಳು.

ಗುಜರಾತಿನ ಅಂಕಲೇಶ್ವರದಲ್ಲಿ ಔಷಧಿಯ ಕಾರ್ಖಾನೆ ಎಂದರೆ ಮಾತ್ರೆಯನ್ನೇ ಮಾಡುತ್ತಾರೆ ಎಂದು ಹೊರಗಿನವರು ತಿಳಿಯುತ್ತಾರೆ. ಎಷ್ಟೋ ಕಡೆ ಮಾಡುವುದು ಮಾತ್ರೆಯಾಗುವ ಮುಂಚಿನ ಸರಕನ್ನು, ಇನ್ನೂ ನಡುದಾರಿಯಲ್ಲಿರುವ ಸರಕನ್ನು. ಮಂಗುಬೆನ್ ತುಂಬುತ್ತಿದ್ದ ಸರಕಿಗೆ ಪ್ಯಾರಾ ಅಮಿನೊ ಫೀನಾಲ್ ಎಂಬ ಉದ್ದನೆಯ ಹೆಸರಿದೆ. ಆ ಹೆಸರು ಡ್ರಮ್ಮಿನ ಚೀಟಿಗೆ ಮಾತ್ರ. ಬಾಯಲ್ಲಿ ಎಲ್ಲರಿಗೂ ಅದು ಪ್ಯಾಪ್. ಒಣಗಿಸುವ ಯಂತ್ರದಿಂದ ಆಗತಾನೇ ಬಂದಾಗ ಚಿರೋಟಿ ರವೆಯಂತೆ ಬೆಳ್ಳಗಿರುತ್ತದೆ. ಗಾಳಿಗೆ ಬಿಟ್ಟರೆ ಮಾತ್ರ ಮುನಿಸಿಕೊಳ್ಳುತ್ತದೆ. ಮೊದಲು ತಿಳಿ ನೇರಳೆ, ಆಮೇಲೆ ಕಂದು, ಕೊನೆಗೆ ಯಾವ ಗಿರಾಕಿಯೂ ಮುಟ್ಟದ ಬಣ್ಣ. ಬೆಳಕು ಬಿದ್ದರೆ ಇನ್ನೂ ಬೇಗ. ಅದಕ್ಕೇ ಕಪ್ಪು ಚೀಲಕ್ಕೆ ತುಂಬಿ, ನೈಟ್ರೋಜನ್ ಬಿಟ್ಟು ಒಳಗಿನ ಗಾಳಿಯನ್ನೆಲ್ಲ ಹೊರದಬ್ಬಿ, ಚೀಲದ ಬಾಯಿ ಬಿಗಿದು, ಡ್ರಮ್ಮಿಗಿಳಿಸಿ ಮುಚ್ಚಳ ಜಡಿಯಬೇಕು. ಸ್ವಲ್ಪ ಪಾಲು ಕೂದಲಿನ ಬಣ್ಣ ಮಾಡುವವರಿಗೆ ಹೋಗುತ್ತದೆ. ಉಳಿದದ್ದೆಲ್ಲ ಇನ್ನೊಂದು ಕಾರ್ಖಾನೆಗೆ ಹೋಗಿ, ವಿನೆಗರಿನ ವಂಶದ ಒಂದು ಘಾಟು ದ್ರಾವಣದ ಜೊತೆ ಸೇರಿ ಪ್ಯಾರಾಸಿಟಮಾಲ್ ಆಗುತ್ತದೆ. ಜ್ವರ ಬಂದರೆ, ತಲೆ ನೋವಾದರೆ ಲೋಕವೆಲ್ಲ ನುಂಗುವ ಆ ಮಾತ್ರೆಯ ತಾಯಿ ಈ ಪುಡಿ. ಮಗಳು ಎಷ್ಟು ಸಾಧುವೋ ತಾಯಿ ಅಷ್ಟೇ ಗಯ್ಯಾಳಿ.

ಗಯ್ಯಾಳಿತನ ಏನೆಂದರೆ, ಅದರ ಧೂಳು ಉಸಿರಿನ ಜೊತೆ ಒಳಗೆ ಹೋದರೆ, ಬೆವರಿದ ಚರ್ಮದ ಮೇಲೆ ಕೂತರೆ, ನೆತ್ತರು ಕೆಡುತ್ತದೆ. ನೆತ್ತರು ಇರುತ್ತದೆ, ಓಡುತ್ತಲೂ ಇರುತ್ತದೆ, ಆದರೆ ಉಸಿರನ್ನು ಹೊರುವ ಶಕ್ತಿ ಇರುವುದಿಲ್ಲ. ಮೊದಲು ತಲೆನೋವು, ಆಮೇಲೆ ಸುಸ್ತು, ಏದುಸಿರು. ಮನುಷ್ಯ ಬಿಸಿಲು ಎಂದೋ ನಿದ್ದೆ ಸಾಲದು ಎಂದೋ ಅಂದುಕೊಂಡು ಬಸ್ಸು ಹತ್ತುತ್ತಾನೆ. ನಿಜ ಹೇಳುವುದು ತುಟಿ ಮತ್ತು ಉಗುರು ಮಾತ್ರ, ಅವು ನೀಲಿಗಟ್ಟುತ್ತವೆ. ಮಂಗುಬೆನ್ ಕೆಲಸಕ್ಕೆ ಸೇರಿದ ಹೊಸತರಲ್ಲಿ ಪಕ್ಕದಲ್ಲಿ ನಿಂತು ಚೀಲ ಹಿಡಿಯುತ್ತಿದ್ದ ಹುಡುಗಿಯೊಬ್ಬಳು ಹೀಗೇ ಬಸ್ಸು ಹತ್ತಿ, ಭರೂಚಿನ ಸೇತುವೆ ದಾಟುವುದರೊಳಗೆ ಸೀಟಿನಿಂದ ಕೆಳಗೆ ಜಾರಿದ್ದಳು. ಬದುಕಿದಳು, ಆದರೆ ಕೆಲಸಕ್ಕೆ ಮತ್ತೆ ಬರಲಿಲ್ಲ. ಅವತ್ತಿನಿಂದ ಮಂಗುಬೆನ್‌ಗೆ ಈ ತುಟಿಯ ಗೀಳು. ವಿಭಾಗದ ಮುಖ್ಯಸ್ಥೆಯಾದ ಮೇಲಂತೂ ಅದು ಕಾಯಿದೆಯೇ ಆಯಿತು. ಮುಖವಾಡ, ಮೊಣಕೈವರೆಗಿನ ಕೈಗವಸು, ಮೇಲಂಗಿ ಇಲ್ಲದೆ ಒಳಗೆ ಬರಬಾರದು. ಒಳಗೆ ಒಂದು ಗುಟುಕು ಚಹಾ ಕೂಡದು. ಕೆಲಸದ ಬಟ್ಟೆ ಮನೆಗೆ ಒಯ್ಯಬಾರದು.

ಈ ಕಾಯಿದೆಗೆ ದೊಡ್ಡ ಶತ್ರು ಠಾಕೋರ್‌ಭಾಯಿ. ಡ್ರಮ್ಮುಗಳನ್ನು ತಳ್ಳುಗಾಡಿಯಲ್ಲಿ ಲಾರಿಯವರೆಗೆ ಸಾಗಿಸುವವನು. ಮಂಗುಬೆನ್‌ಳ ಓರಗೆಯವನು, ಒಂದೇ ಬೀದಿಯವನು, ಬಾಯಲ್ಲಿ ಸದಾ ಮಾವೊ. ಅಡಿಕೆ, ಸುಣ್ಣ, ತಂಬಾಕು ತಿಕ್ಕಿದ ಆ ಉಂಡೆಯಿಂದಾಗಿ ಅವನ ತುಟಿಗೆ ಕೆಂಪೂ ಅಲ್ಲದ ಕಂದೂ ಅಲ್ಲದ ಒಂದು ಬಣ್ಣ ಬಂದುಬಿಟ್ಟಿತ್ತು.

"ಇದರಲ್ಲಿ ನಾನು ಏನಂತ ನೋಡ್ಲಿ?" ಮಂಗುಬೆನ್ ದಿನಾ ಕೇಳುವಳು. "ನೀಲಿ ಇದ್ರೂ ಗೊತ್ತಾಗಲ್ಲ, ಹಸಿರಿದ್ರೂ ಗೊತ್ತಾಗಲ್ಲ."

"ನನ್ನ ಹೆಂಡ್ತಿನೇ ಇಷ್ಟು ಹತ್ರದಿಂದ ನೋಡಲ್ಲ ಕಣೆ."

"ಅವಳು ಪುಣ್ಯವಂತೆ. ಉಜ್ಕೋ."

ಟವೆಲ್ ಕೊಟ್ಟು, ಅವನು ಉಜ್ಜಿಕೊಳ್ಳುವವರೆಗೂ ಬಾಗಿಲಿಗೆ ಅಡ್ಡ ಕೂರುವಳು. ಅವನು ಗೊಣಗುತ್ತಾ ಉಜ್ಜಿಕೊಳ್ಳುವನು. ಇದು ವರ್ಷಗಟ್ಟಲೆ ನಡೆದು ಬಂದ ಜಗಳ. ಇಬ್ಬರಿಗೂ ಅದಿಲ್ಲದಿದ್ದರೆ ದಿನ ಕಳೆದಂತಾಗುತ್ತಿರಲಿಲ್ಲ.

ನವರಾತ್ರಿ ಬಂತೆಂದರೆ ಶತ್ರುಗಳ ಸಂಖ್ಯೆ ಏರುತ್ತಿತ್ತು. ರಾತ್ರಿ ಗರಬಾ ಕುಣಿಯುವ ಹೆಂಗಸರು ಬೆಳಗ್ಗೆ ಉಗುರಿಗೆ ಬಣ್ಣ ಬಳಿದುಕೊಂಡೇ ಬರುವರು. ಮಂಗುಬೆನ್ ಬಣ್ಣ ಅಳಿಸುವ ಶೀಸೆ, ಹತ್ತಿ ಹಿಡಿದು ಬಾಗಿಲಲ್ಲೇ ನಿಲ್ಲುವಳು.

"ಮಾಸಿ, ನಿನ್ನೆ ರಾತ್ರಿ ಎರಡು ಗಂಟೆ ಕೂತು ಹಚ್ಚಿದ್ದು," ಎಂದು ಗಜರಾ ವಸಾವಾ ಸ್ವಂತ ಚಿಕ್ಕಮ್ಮನನ್ನು ಕೇಳುವಂತೆ ಅಂಗಲಾಚಿದಳು. ಹೊಸದಾಗಿ ಮದುವೆಯಾದವಳು, ಗರಬಾದಲ್ಲಿ ಅವಳ ಸಮಕ್ಕೆ ಇನ್ನೊಬ್ಬರಿಲ್ಲ.

"ರಾತ್ರಿ ಮತ್ತೆ ಹಚ್ಕೋ. ರಾತ್ರಿಯೆಲ್ಲ ಅಂಬಾ ಮಾತೆಗೆ, ಹಗಲು ನನಗೆ."

"ಕೈಗವಸು ಹಾಕ್ಕೊಂಡ ಮೇಲೆ ಯಾರಿಗೆ ಕಾಣುತ್ತೆ?"

"ಅದೇ ತಾನೆ ಕಷ್ಟ. ಕಾಣಬೇಕು ಅಂತಾನೇ ಅಳಿಸೋದು."

ಹೀಗೆಲ್ಲ ಮಾತಾಡುವವಳ ಮನಸ್ಸಿನಲ್ಲಿ ಆ ವರ್ಷ ಬೇರೆಯೇ ಒಂದು ಭಾರ ಇತ್ತು. ಒಬ್ಬಳೇ ಮಗಳು ಝರಣಾ. ಮದುವೆಯಾದ ಮೇಲೆ ಎರಡು ಸಲ ಬಸಿರು ನಿಂತು, ಎರಡು ಸಲವೂ ಉಳಿಯಲಿಲ್ಲ. ಈಗ ಮೂರನೆಯದು. ಸೀಮಂತ ಮುಗಿಸಿಕೊಂಡು ತವರಿಗೆ ಬಂದಿದ್ದಳು. ಹುಡುಗಿ ಮಂಚದಿಂದ ಇಳಿದರೂ ಮಂಗುಬೆನ್‌ಳ ಎದೆ ಹೊಡೆದುಕೊಳ್ಳುತ್ತಿತ್ತು. ಹಾಗಾಗಿ ಯಾರಿಗೂ ಹೇಳದೆ, ಗಂಡ ನಟುಭಾಯಿಗೂ ಹೇಳದೆ, ದೇವರ ಪಟದ ಮುಂದೆ ಹರಕೆ ಹೊತ್ತಿದ್ದಳು. ಒಂಬತ್ತು ದಿನ ಹಾಲು ಹಣ್ಣು ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಅಷ್ಟಮಿಯ ದಿನ ಬೀದಿಯ ಹವನ ಮುಗಿದು ನೈವೇದ್ಯ ಆಗುವವರೆಗೆ ನೀರೂ ಇಲ್ಲ. ಈ ಮಗು ಕೈಗೆ ಬರಲಿ. ನಡುವೆ ತಪ್ಪಿದರೆ ಏನಾದೀತು ಎಂದು ಅವಳು ಯೋಚಿಸಲೂ ಹೆದರಿದ್ದಳು.

ನಟುಭಾಯಿ ಟೈಲರು. ನವರಾತ್ರಿಯಲ್ಲಿ ಗರಬಾಕ್ಕೆಂದು ಹೊಲಿಸುವ ಊರಿನ ಲಂಗ ರವಿಕೆ, ಚಣಿಯಾ ಚೋಳಿಗಳೆಲ್ಲ ಅವನ ಮಷೀನಿನ ಕೆಳಗೇ ಹಾಯುತ್ತಿದ್ದವು. ಹೆಂಡತಿ ಏನು ತಿಂದಳು, ಏನು ಬಿಟ್ಟಳು ಎಂದು ನೋಡಲು ಅವನಿಗೆ ತಲೆಯೆತ್ತುವ ಪುರುಸೊತ್ತೂ ಇರಲಿಲ್ಲ.

ಸಪ್ತಮಿಯ ಸಂಜೆ ಝರಣಾ ಅಮ್ಮನ ಕೈ ಹಿಡಿದು ಕೂರಿಸಿಕೊಂಡಳು. ಅಲ್ಲಿಯವರೆಲ್ಲರಂತೆ ಅವಳೂ ಅಮ್ಮನನ್ನು ಕರೆಯುವುದು 'ಬಾ' ಎಂದೇ.

"ಬಾ, ನಾಳೆ ಹವನದಲ್ಲಿ ಫೋಟೋ ತೆಗೀತಾರೆ. ಈ ಸಲ ನೀನೂ ಉಗುರಿಗೆ ಹಚ್ಕೋಬೇಕು."

"ನನಗ್ಯಾಕೆ ಈ ವಯಸ್ಸಲ್ಲಿ? ಕಾರ್ಖಾನೆಯಲ್ಲಿ ಗಜರಾ ಕಂಡ್ರೆ ನನ್ನ ಮಾನ ಹರಾಜು ಹಾಕ್ತಾಳೆ."

"ನಾನು ಕುಣಿಯೋ ಹಾಗಿಲ್ಲ, ಹೊರಗೆ ಓಡಾಡೋ ಹಾಗಿಲ್ಲ. ಇಷ್ಟಾದ್ರೂ ಮಾಡ್ತೀನಿ."

ಆ ಮಾತಿಗೆ ಮಂಗುಬೆನ್ ಕರಗಿ ನೀರಾದಳು. ಹತ್ತೂ ಉಗುರು ಕುಂಕುಮದಂತೆ ಕೆಂಪಾದವು. ಬೆಳಗ್ಗೆ ಕಳ್ಳಿಯ ಹಾಗೆ ಎಲ್ಲರಿಗಿಂತ ಮುಂಚೆ ಹೋಗಿ, ಯಾರೂ ನೋಡುವ ಮೊದಲೇ ಕೈಗವಸು ತೊಟ್ಟುಬಿಟ್ಟಳು. ಊರಿಗೆಲ್ಲ ಕಾಯಿದೆ ಮಾಡಿದವಳು ತನಗೆ ಒಂದು ದಿನದ ರಜೆ ಕೊಟ್ಟುಕೊಂಡಳು. ನಾವೆಲ್ಲ ಮಾಡುವುದೂ ಅದನ್ನೇ.

ಅಂದು ಹಬ್ಬಕ್ಕೆ ಮುಂಚಿನ ಕೊನೆಯ ಲಾರಿ. ಮಧ್ಯಾಹ್ನದ ಹೊತ್ತಿಗೆ ಧೂಳು ಎಳೆಯುವ ಕೊಳವೆ ಕಟ್ಟಿಕೊಂಡಿತು. ತುಂಬುವ ಬಾಯಿಂದ ಪುಡಿ ಎದ್ದು ಹಬೆಯ ಹಾಗೆ ನಿಲ್ಲತೊಡಗಿತು. ರಿಪೇರಿಯವನು ಬೇರೆ ಶೆಡ್ಡಿನಲ್ಲಿದ್ದ, ಬರುತ್ತೇನೆ ಎಂದಿದ್ದ. ಮಂಗುಬೆನ್ ಹೆಂಗಸರನ್ನೆಲ್ಲ ಹೊರಗೆ ಕಳಿಸಿದಳು.

"ನೀನೂ ಬಾ ಮಾಸಿ," ಎಂದಳು ಗಜರಾ. "ಅವನು ಬಂದ ಮೇಲೆ ತುಂಬಿದ್ರಾಯ್ತು."

"ಉಳಿದಿರೋದು ನಾಲ್ಕಾರು ಡ್ರಮ್ಮು. ಲಾರಿ ತಡವಾದ್ರೆ ನನ್ನ ಹವನ ತಪ್ಪುತ್ತೆ. ನಾನು ಮುಗಿಸಿ ಬರ್ತೀನಿ, ನಡಿ."

ಲಾರಿಯೂ ಕಾಯುತ್ತಿತ್ತು, ಹವನವೂ ಕಾಯುತ್ತಿತ್ತು, ಕಾಯದೆ ಇದ್ದದ್ದು ಅವಳ ಬುದ್ಧಿ ಒಂದೇ. ನೀರಿಲ್ಲದೆ ಬಾಯಿ ಒಣಗಿ ನಾಲಗೆ ಅಂಗುಳಿಗೆ ಅಂಟಿತ್ತು. ಮುಖವಾಡದೊಳಗೆ ಉಸಿರು ಕಟ್ಟಿದಂತಾಯಿತು. ಒಂದು ಗಳಿಗೆ ಎಂದುಕೊಂಡು ಅದನ್ನು ಗಲ್ಲಕ್ಕೆ ಇಳಿಸಿದಳು, ಮತ್ತೆ ಏರಿಸಲಿಲ್ಲ. ಅಕ್ಟೋಬರಿನ ಸೆಕೆಗೆ ಬೆವರು ಕತ್ತಿನಿಂದ ಇಳಿಯುತ್ತಿತ್ತು, ಬೆವರಿನ ಮೇಲೆ ಪುಡಿ ಕೂರುತ್ತಿತ್ತು. ಕೊನೆಯ ಮುಚ್ಚಳ ಜಡಿಯುವಾಗ ಎರಡೂ ಕಣತಲೆ ಸಿಡಿಯುತ್ತಿದ್ದವು. ಎಂಟು ದಿನದ ಉಪವಾಸ, ತಲೆ ಸಿಡಿಯದೆ ಇನ್ನೇನಾದೀತು ಎಂದುಕೊಂಡಳು. ಮೆಟ್ಟಿಲಲ್ಲಿ ಕಾಲು ಜಗ್ಗಿತು. ಮಾತೆ ಪರೀಕ್ಷೆ ಮಾಡುತ್ತಿದ್ದಾಳೆ ಎಂದುಕೊಂಡಳು. ಆ ಊರಿನಲ್ಲಿ ನವರಾತ್ರಿಯ ಅಷ್ಟಮಿಯಂದು ತಲೆನೋವು, ಸುಸ್ತು ಎನ್ನುವ ಹೆಂಗಸನ್ನು ಯಾರೂ ಏಕೆ ಎಂದು ಕೇಳುವುದಿಲ್ಲ. ಅವಳು ತನ್ನನ್ನೂ ಕೇಳಿಕೊಳ್ಳಲಿಲ್ಲ.

ಅಭ್ಯಾಸಬಲ ಎನ್ನಬೇಕು, ಚೆನ್ನಾಗಿ ಸೋಪು ಹಚ್ಚಿ ಸ್ನಾನ ಮಾಡಿದಳು, ಕೆಲಸದ ಬಟ್ಟೆ ತೊಟ್ಟಿಗೆ ಹಾಕಿದಳು. ಹವನಕ್ಕೆಂದು ತಂದಿದ್ದ ಬಾಂಧಣಿ ಸೀರೆ ಉಟ್ಟಳು. ಝರಣಾ ಚೀಲದಲ್ಲಿ ತುರುಕಿದ್ದ ಲಿಪ್‌ಸ್ಟಿಕ್ಕನ್ನು, ಕನ್ನಡಿ ಯಾಕೋ ಮಸುಕಾಗಿ ಕಾಣುತ್ತಿದೆಯಲ್ಲ ಎಂದು ಗೊಣಗುತ್ತಾ ಬಳಿದುಕೊಂಡಳು. ಆಮೇಲೆ ಬಂದು ಸ್ಟೂಲಿನ ಮೇಲೆ ಕೂತು, ಸೆರಗಿನೊಳಗೆ ಉಗುರು ಮುಚ್ಚಿಕೊಂಡು, ಎಲ್ಲರ ತುಟಿ ನೋಡಿದಳು. ಎಲ್ಲರದೂ ಸರಿಯಾಗಿತ್ತು.

ಕೊನೆಗೆ ಲಾರಿ ತುಂಬಿಸಿ ಠಾಕೋರ್‌ಭಾಯಿ ಬಂದ. ಅವಳನ್ನು ನೋಡಿದವನೇ ಗಕ್ಕನೆ ನಿಂತ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದ.

"ಗಜರಾ, ಬಾರೆ ಇಲ್ಲಿ. ನಿಮ್ಮ ಮಾಸಿಯ ತುಟಿ ನೋಡು. ಇಷ್ಟು ವರ್ಷ ನನ್ನ ತುಟಿ ಉಜ್ಜಿಸಿ ಉಜ್ಜಿಸಿ ಚರ್ಮ ಕಿತ್ತುಹಾಕಿದ್ಲಲ್ಲ, ಈಗ ನೋಡು."

"ಹವನಕ್ಕೆ ಹಚ್ಚಿದ್ದು. ನೀನು ಬಾಯಿ ತೆಗಿ, ನೋಡ್ತೀನಿ," ಎಂದಳು ಮಂಗುಬೆನ್. ಮಾತು ಏದುಸಿರಿನ ನಡುವೆ ತುಂಡಾಗಿ ಬಂತು.

"ನಂದು ಆಮೇಲೆ. ಮೊದಲು ನಿಂದು. ಉಜ್ಕೋ."

ಅವಳ ತೊಡೆಯ ಮೇಲಿನ ಟವೆಲ್ಲನ್ನೇ ಎತ್ತಿ ಕೊಟ್ಟ. ಬೇರೆ ದಿನವಾಗಿದ್ದರೆ ಅದೇ ಟವೆಲ್ಲಿನಿಂದ ಬಾರಿಸುತ್ತಿದ್ದಳು. ಇಂದು ಕೈ ಏಳಲಿಲ್ಲ. ಗಜರಾ ಅದನ್ನು ಗಮನಿಸಿದಳು. ತಾನೇ ಟವೆಲ್ ತೆಗೆದುಕೊಂಡು ಮಾಸಿಯ ತುಟಿ ಒರೆಸಿದಳು. ಕೆಂಪು ಹೋದ ಜಾಗದಲ್ಲಿ ಜಂಬುನೇರಳೆ ತಿಂದಂಥ ಬಣ್ಣ ಇತ್ತು. ಇನ್ನೊಮ್ಮೆ ಒರೆಸಿದರೂ ಹೋಗಲಿಲ್ಲ. ಠಾಕೋರ್‌ಭಾಯಿ ನಗುವುದನ್ನು ನಿಲ್ಲಿಸಿ ಶೀಸೆ, ಹತ್ತಿ ತಂದು ಅವಳ ಹೆಬ್ಬೆರಳನ್ನು ತಿಕ್ಕಿದ. ಉಗುರೂ ಅದೇ ಬಣ್ಣ. ಅವನು ಬಾಯಲ್ಲಿದ್ದ ಮಾವೊ ಉಗಿದು ಗೇಟಿನ ಕಡೆಗೆ ಓಡಿದ. ಅವನು ಓಡಿದ್ದನ್ನು ಆ ಕಾರ್ಖಾನೆಯಲ್ಲಿ ಅದುವರೆಗೆ ಯಾರೂ ಕಂಡಿರಲಿಲ್ಲ.

ಅವನು ಗೇಟಿನಿಂದ ಕರೆತಂದ ಆಂಬುಲೆನ್ಸ್ ಗಾಡಿಯಲ್ಲಿ ಮೂಗಿಗೆ ಆಮ್ಲಜನಕ ಕೊಟ್ಟರು. ಗಜರಾ ಗ್ಲೂಕೋಸ್ ನೀರಿನ ಬಾಟಲಿ ಹಿಡಿದರೆ ಮಂಗುಬೆನ್ ಹಲ್ಲು ಕಚ್ಚಿಕೊಂಡಳು.

"ಉಪವಾಸ ಕಣೆ. ಹವನ ಆದ್ರೆ ಎಲ್ಲ ಸರಿ ಹೋಗುತ್ತೆ. ಗಾಡಿ ಬೀದಿ ಕಡೆ ತಿರುಗಿಸೋಕೆ ಹೇಳು."

"ತಿರುಗಿಸ್ತೀವಿ, ನೀನು ಮಾತಾಡ್ಬೇಡ," ಎಂದು ಠಾಕೋರ್‌ಭಾಯಿ ಸುಳ್ಳು ಹೇಳಿದ. ಗಾಡಿ ನೇರ ಆಸ್ಪತ್ರೆಗೆ ಹೋಯಿತು.

ಡಾಕ್ಟರು ತಸ್ನೀಮ್ ವೋರಾ ಆ ಊರಿನಲ್ಲೇ ಹುಟ್ಟಿ ಬೆಳೆದವರು. ಯಾವ ಕಾರ್ಖಾನೆ ಎಂದು ಕೇಳಿದೊಡನೆ ಅವರಿಗೆ ಅರ್ಧ ಗೊತ್ತಾಯಿತು. ತೆಗೆದ ನೆತ್ತರು ಚಾಕಲೇಟು ಕರಗಿಸಿದ ಹಾಗಿದ್ದದ್ದನ್ನು ನೋಡಿ ಉಳಿದರ್ಧ ಗೊತ್ತಾಯಿತು. ಸ್ನಾನ ಆಗಿದೆಯೇ, ಬಟ್ಟೆ ಬದಲಿಸಿದ್ದಾರೆಯೇ ಎಂದು ವಿಚಾರಿಸಿ, ಅಷ್ಟಾದರೂ ಮಾಡಿದಿರಲ್ಲ ಎಂದರು. ಬೇಕಾದ ಪರೀಕ್ಷೆ ಮುಗಿಸಿ ಸಿರಿಂಜಿನಲ್ಲಿ ಔಷಧಿ ತಂದರೆ ಅದು ಬಟ್ಟೆಗೆ ಹಾಕುವ ನೀಲಿಗಿಂತ ಕಡುನೀಲಿ.

"ಇದೇನು ಡಾಕ್ಟರೇ, ನೀಲಿಯಾದವಳಿಗೆ ನೀಲಿಯನ್ನೇ ಹಾಕ್ತಿದ್ದೀರಿ?" ಎಂದ ಠಾಕೋರ್‌ಭಾಯಿ.

"ಇದೇ ಇದಕ್ಕೆ ಔಷಧಿ. ನಾಳೆ ಮೂತ್ರ ಹಸಿರಾದ್ರೆ ಹೆದರ್ಬೇಡಿ."

"ಈ ಔಷಧಿಯಿಂದ ಉಪವಾಸ ಮುರಿದ ಲೆಕ್ಕವಾ?" ಮಂಗುಬೆನ್ ಕಣ್ಣು ಬಿಟ್ಟು ಕೇಳಿದಳು.

ಡಾಕ್ಟರು ಠಾಕೋರ್‌ಭಾಯಿಯ ಮುಖ ನೋಡಿದರು. ಅವನು ನಾಲ್ಕು ವೇದ ಓದಿದವನ ಗತ್ತಿನಲ್ಲಿ, "ಬಾಯಿಂದ ಹೋದ್ರೆ ಮಾತ್ರ ಲೆಕ್ಕ. ನರದಿಂದ ಹೋದದ್ದು ಮಾತೆ ಗಮನಿಸೋದಿಲ್ಲ," ಎಂದ. ಮಂಗುಬೆನ್ ಸಮಾಧಾನದಿಂದ ಕೈ ಚಾಚಿದಳು.

ಔಷಧಿ ಹತ್ತಿತು. ಸ್ವಲ್ಪ ಹೊತ್ತಿಗೆ ತುಟಿಯ ಅಂಚಿನಲ್ಲಿ ಮನುಷ್ಯರ ಬಣ್ಣ ಕಾಣಿಸಿಕೊಂಡಿತು, ತಲೆಯೂ ಹಗುರಾಯಿತು. ಹಗುರಾದದ್ದೇ ತಡ, ಮೂಗಿನ ಮೇಲಿನದನ್ನು ಕಿತ್ತು ಪಕ್ಕಕ್ಕಿಟ್ಟು ಕಾಲು ಕೆಳಗಿಳಿಸಿದಳು. ಕಿಟಕಿಯಲ್ಲಿ ಬಿಸಿಲು ಇಳಿಯುತ್ತಿತ್ತು. ಹವನಕ್ಕೆ ಕಟ್ಟಿಗೆ ಜೋಡಿಸುವ ಹೊತ್ತು.

"ಎಲ್ಲಿಗೆ?" ಎಂದರು ಡಾಕ್ಟರು.

"ಒಂದು ಗಳಿಗೆ ಹೋಗಿ ಬರ್ತೀನಿ. ನೈವೇದ್ಯ ಆದಮೇಲೆ ನೀವು ಹೇಳಿದ್ದೆಲ್ಲ ತಿಂತೀನಿ, ಕುಡೀತೀನಿ."

"ಒಳಗಿರೋ ವಿಷ ಪೂರ್ತಿ ಹೋಗಿಲ್ಲ ಬೆನ್. ಈ ನೀಲಿ ಮತ್ತೆ ತಿರುಗಿ ಬರಬಹುದು. ಅಲ್ಲಿ ಹೊಗೆಯ ಮುಂದೆ ಕೂತಾಗ ಬಂದ್ರೆ ನಾನೇನೂ ಮಾಡೋಕಾಗಲ್ಲ. ನಿನ್ನೆಯಿಂದ ನೀರು ಕುಡಿದಿಲ್ಲ, ಈ ಪುಡಿ ಮೂತ್ರಪಿಂಡಕ್ಕೂ ಆಗೋದಿಲ್ಲ. ಡ್ರಿಪ್ ಇದೆ, ಆದರೆ ಬಾಯಿಂದ ಕುಡಿಯೋದನ್ನೂ ಈಗಲೇ ಶುರು ಮಾಡ್ಬೇಕು."

"ಆಗಲ್ಲ."

"ಯಾಕಾಗಲ್ಲ?"

ಅಷ್ಟರಲ್ಲಿ ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ನಟುಭಾಯಿ ಬಂದ. ಅವನ ತೋಳು ಹಿಡಿದು ಝರಣಾ, ಇನ್ನೊಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು. ಮಗಳನ್ನು ನೋಡಿದ್ದೇ ಮಂಗುಬೆನ್ ಕಂಗಾಲಾದಳು.

"ಇವಳನ್ನ ಯಾಕೆ ಕರಕೊಂಡು ಬಂದ್ರಿ? ಇಷ್ಟು ಮೆಟ್ಟಿಲು ಹತ್ತಿಸಿ."

"ನಾನೆಲ್ಲಿ ಕರಕೊಂಡು ಬಂದೆ, ಅವಳೇ ನನ್ನನ್ನ ಎಳಕೊಂಡು ಬಂದ್ಲು," ಎಂದ ನಟುಭಾಯಿ.

ಡಾಕ್ಟರು ವಿಷಯ ತಿಳಿಸಿ, ನೈವೇದ್ಯ ಆಗದೆ ನೀರು ಮುಟ್ಟುವುದಿಲ್ಲ ಎನ್ನುತ್ತಿದ್ದಾರೆ ಎಂದರು. ಝರಣಾ ಅಮ್ಮನ ಪಕ್ಕ ಮಂಚದ ಮೇಲೆ ಕೂತಳು.

"ಏನು ಹರಕೆ ಬಾ?"

ಮಂಗುಬೆನ್ ಗೋಡೆ ನೋಡಿದಳು. ಝರಣಾಗೆ ಅಷ್ಟು ಸಾಕಾಯಿತು. ಅವಳ ಕಣ್ಣು ತುಂಬಿತು, ತುಂಬಿದ ಬೆನ್ನಿಗೇ ಸಿಟ್ಟೂ ಬಂತು.

"ನನಗೋಸ್ಕರವಾ? ನಾನು ಕೇಳಿದ್ನಾ?"

"ಎರಡು ಸಲ ಹೋಯ್ತಲ್ಲ ಮಗಳೇ. ನಾನಿನ್ನೇನು ಮಾಡ್ಲಿ? ಒಂದು ಸಂಜೆ. ಇಷ್ಟು ದಿನ ಕಾದದ್ದು ಒಂದು ಸಂಜೆಗೆ ಹಾಳು ಮಾಡ್ಕೊಳ್ಲಾ? ಆಮೇಲೆ ಏನಾದ್ರೂ ಆದ್ರೆ ನಾನು ಬದುಕಿದ್ದು ಏನು ಪ್ರಯೋಜನ?"

ಝರಣಾಗೆ ತಿನ್ನಲೆಂದು ನಟುಭಾಯಿ ಮನೆಯಿಂದ ಡಬ್ಬಿ ತಂದಿದ್ದ, ಖಿಚಡಿ ಮತ್ತು ಕಢಿ. ಅವಳು ಡಬ್ಬಿ ತೆಗೆದು, ಮತ್ತೆ ಮುಚ್ಚಿ, ಮೇಜಿನ ಮೇಲಿಟ್ಟು ದೂರ ಸರಿಸಿದಳು.

"ಸರಿ. ನೀನು ಕುಡಿಯೋವರೆಗೂ ನಾನೂ ಇಲ್ಲ. ನೀನು ನೈವೇದ್ಯಕ್ಕೆ ಕಾಯಿ, ನಾನು ನಿನಗೆ ಕಾಯ್ತೀನಿ."

"ಹುಚ್ಚು ಹಿಡೀತಾ? ಮಧ್ಯಾಹ್ನದಿಂದ ಏನು ತಿಂದಿದ್ದೀಯ?"

"ಫೋನ್ ಬಂದಾಗ ತಟ್ಟೆ ಮುಂದಿತ್ತು. ಬಿಟ್ಟು ಬಂದೆ."

ಹೊತ್ತುಹೊತ್ತಿಗೆ ತಿನ್ನದಿದ್ದರೆ ಹುಡುಗಿಗೆ ಕಣ್ಣು ಕತ್ತಲಿಡುತ್ತದೆ ಎಂದು ಮಂಗುಬೆನ್‌ಗೆ ಗೊತ್ತಿತ್ತು. ಈಗಲೇ ಅವಳ ಹಣೆಯಲ್ಲಿ ಸಣ್ಣಗೆ ಬೆವರು ಮೂಡಿತ್ತು. ಗದರಿದಳು, ಪುಸಲಾಯಿಸಿದಳು, ಮೈಮೇಲೆ ಆಣೆ ಹಾಕಿದಳು. ಝರಣಾ ಜಪ್ಪಯ್ಯ ಎನ್ನಲಿಲ್ಲ. ಹಟ ಎಲ್ಲಿಂದ ಬಂತು ಎಂದು ಯಾರೂ ಹೇಳಬೇಕಾಗಿರಲಿಲ್ಲ, ನಟುಭಾಯಿ ತಾಯಿಯನ್ನೊಮ್ಮೆ ಮಗಳನ್ನೊಮ್ಮೆ ನೋಡಿ ಟೇಪು ಸುತ್ತುತ್ತಾ ಕೂತ. ಹೊರಗೆ ಯಾವುದೋ ಬೀದಿಯಲ್ಲಿ ಹವನದ ಮೈಕು ಶುರುವಾಯಿತು.

ಮಂಗುಬೆನ್ ಆ ಮುಚ್ಚಿದ ಡಬ್ಬಿಯನ್ನೇ ನೋಡಿದಳು. ಯಾವ ಮಗುವಿಗಾಗಿ ಬಾಯಿ ಕಟ್ಟಿದ್ದಳೋ ಆ ಮಗು ತನ್ನಿಂದಾಗಿಯೇ ಹಸಿದು ಕೂತಿದೆ ಎನ್ನುವುದು ಅವಳಿಗೆ ನಾಟಿತು. ಕಣ್ಣು ಮುಚ್ಚಿ, ತುಟಿ ಅಲುಗಿಸಿ, ಮಾತೆಯ ಹತ್ತಿರ ಮಾತಾಡಿದಳು. ಪಕ್ಕದಲ್ಲಿದ್ದ ಝರಣಾಗೆ ಮಾತ್ರ ಕೇಳಿಸಿತು.

"ಸಿಟ್ಟು ಬಂದ್ರೆ ನನ್ನ ಮೇಲೆ ತೀರಿಸ್ಕೋ ತಾಯಿ. ಇವಳ ಮೇಲೆ ಬೇಡ."

ಆಮೇಲೆ ಕೈ ಚಾಚಿದಳು. ಗಜರಾ ಲೋಟ ಕೊಟ್ಟಳು. ಮೊದಲ ಗುಟುಕು ಇಳಿಸುವಾಗ ಮಂಗುಬೆನ್‌ಗೆ ನಿಜವಾಗಿಯೂ ಭಯವಾಯಿತು, ಕಾರ್ಖಾನೆಯಲ್ಲಿ ಕಾಲು ಜಗ್ಗಿದಾಗಲೂ ಆಗದಷ್ಟು ಭಯ. ಪೂರ್ತಿ ಕುಡಿದು, ಏನಾಗುತ್ತದೋ ಎಂದು ಮಗಳ ಮುಖವನ್ನೇ ನೋಡುತ್ತಾ ಕೂತಳು.

ಝರಣಾ ಡಬ್ಬಿ ಹತ್ತಿರಕ್ಕೆ ಎಳೆದುಕೊಂಡು, ಖಿಚಡಿಗೆ ಕಢಿ ಸುರಿದು, ಮೂಗು ಒರೆಸಿಕೊಂಡು ತಿನ್ನತೊಡಗಿದಳು. ಹಸಿದಿದ್ದಳು, ದೊಡ್ಡ ದೊಡ್ಡ ತುತ್ತು. ಮಂಗುಬೆನ್ ಆ ತುತ್ತುಗಳನ್ನು ನೋಡುತ್ತಾ ಅತ್ತಳು. ಅಳು ನಿಂತ ಮೇಲೆ ಖಾಲಿ ಲೋಟವನ್ನು ಗಜರಾಳ ಕಡೆಗೆ ಚಾಚಿ, "ಇನ್ನೊಂದು ಕೊಡು," ಎಂದಳು.